ಯುದ್ಧಕಾಲದ ಸುದ್ದಿ ನಕ್ಷೆಗಳು ಮತ್ತು ಗ್ರಂಥಾಲಯಗಳಲ್ಲಿ ಅವುಗಳ ಸಂರಕ್ಷಣೆ

ನಡೆಯುತ್ತಿರುವ ಯುದ್ಧದ ಸುದ್ದಿಯನ್ನು ಸಾಮಾನ್ಯ ಓದುಗರಿಗೆ ಸ್ಥಳಸಮೇತ ತಿಳಿಸಲು ಪತ್ರಿಕೆಗಳು, ಪ್ರಕಾಶಕರು ಅಥವಾ ಸರಕಾರಗಳು ಅಚ್ಚು ಹಾಕಿಸುವ ನಕ್ಷೆಗಳನ್ನು ಸುದ್ದಿ ನಕ್ಷೆಗಳೆನ್ನುತ್ತಾರೆ. ಸೇನೆಯ ನಕ್ಷೆಯಲ್ಲಿ ದಾರಿ, ಹಳ್ಳ, ಏರುತಗ್ಗು, ಸೇತುವೆ ಎಲ್ಲವೂ ಅಳತೆಗೆ ಸರಿಯಾಗಿ ಇರಬೇಕು. ಸುದ್ದಿ ನಕ್ಷೆಗೆ ನಾಲ್ಕಾರು ಊರು, ಒಂದೆರಡು ನದಿ, ಒಂದು ಗಡಿಗೆರೆ, ಕೆಲವು ದಪ್ಪ ಬಾಣ ಸಾಕು. ಅಳತೆಯ ಖಚಿತತೆ ಇಲ್ಲದ್ದರಿಂದ ಭೂಪಟ ಸಂಗ್ರಹಕಾರರು ಇವನ್ನು ಬಹುಕಾಲ ಕಡೆಗಣಿಸಿದರು. ಮರುದಿನವೇ ಹಳತಾಗುವ ಸರಕೆಂದು ಪತ್ರಿಕಾ ಕಚೇರಿಗಳೂ ಉಳಿಸಿಕೊಳ್ಳಲಿಲ್ಲ. ಇತಿಹಾಸಕಾರನಿಗೆ ಬೇಕಾದದ್ದು ಮಾತ್ರ ಈ ಕ್ಷಣಿಕತೆಯೇ. ಇಂಥ ದಿನ ಯುದ್ಧ ಎಲ್ಲಿಯವರೆಗೆ ಬಂದಿದೆಯೆಂದು ಊರಿನ ಜನ ನಂಬಿದ್ದರು, ಯಾವುದನ್ನು ಅವರಿಂದ ಮುಚ್ಚಿಡಲಾಗಿತ್ತು ಎಂಬುದನ್ನು ಅದು ಹೇಳುತ್ತದೆ. ತಪ್ಪು ಜಾಗದಲ್ಲಿ ಎಳೆದ ರಣರೇಖೆ ಕೂಡ ಆ ದಿನದ ದಾಖಲೆಯೇ.

ಸುದ್ದಿ ನಕ್ಷೆಗಳಲ್ಲಿ ಎರಡು ಬಗೆ. ಒಂದು, ಪತ್ರಿಕೆಯ ಪುಟದೊಳಗೆ ಸುದ್ದಿಯ ಪಕ್ಕದಲ್ಲೇ ಬರುವ ಚಿಕ್ಕ ನಕ್ಷೆ. ಇನ್ನೊಂದು, ಗೋಡೆಗೆ ತೂಗುಹಾಕಲೆಂದು ಬಿಡಿ ಹಾಳೆಯಾಗಿ ಮಾರುವ ಅಥವಾ ಹಂಚುವ ದೊಡ್ಡ ನಕ್ಷೆ. ಮೊದಲನೆಯದು ಉಳಿಯಬೇಕಾದರೆ ಪತ್ರಿಕೆಯ ಸಂಪುಟ ಉಳಿಯಬೇಕು; ಎರಡನೆಯದು ಗೋಡೆಯಿಂದ ಇಳಿಸುವಾಗಲೇ ಸಾಮಾನ್ಯವಾಗಿ ಹರಿದುಹೋಗುತ್ತದೆ.

ಮೈಸೂರು ಯುದ್ಧಗಳಿಂದ ಮೊದಲ ಮಹಾಯುದ್ಧದವರೆಗೆ

ಕರ್ನಾಟಕದ ನೆಲದಲ್ಲಿ ನಡೆದ ಯುದ್ಧವನ್ನು ದೂರದ ಓದುಗರಿಗೆ ತೋರಿಸಿದ ಆರಂಭದ ಅಚ್ಚಿನ ನಕ್ಷೆಗಳು ಮೈಸೂರು ಯುದ್ಧಗಳವು. ಬಂಗಾಳದ ಸರ್ವೇಯರ್ ಜನರಲ್ ಆಗಿದ್ದ ಜೇಮ್ಸ್ ರೆನೆಲ್, ನಿವೃತ್ತನಾಗಿ ಲಂಡನ್ನಿನಲ್ಲಿದ್ದಾಗ, 1790 ಮತ್ತು 1791ರ ದಂಡಯಾತ್ರೆಗಳಲ್ಲಿ ಬ್ರಿಟಿಷ್ ಪಡೆಗಳು ನಡೆದ ದಾರಿಯನ್ನು ವಿವರಿಸುವ ನಕ್ಷೆಸಹಿತ ಪುಸ್ತಕವನ್ನು 1792ರಲ್ಲಿ ಹೊರತಂದ. ಬೆಂಗಳೂರಿನ ಕೋಟೆ 1791ರ ಮಾರ್ಚ್‌ನಲ್ಲಿ ಬಿದ್ದಿತ್ತು. ಆ ಸುದ್ದಿ ಆಫ್ರಿಕವನ್ನು ಸುತ್ತಿ ಹಡಗಿನಲ್ಲಿ ಲಂಡನ್ ತಲುಪಲು ತಿಂಗಳುಗಳೇ ಹಿಡಿದವು. ನಕ್ಷೆ ಓದುಗನ ಕೈಸೇರುವ ಹೊತ್ತಿಗೆ ಟಿಪ್ಪು ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಹಾಕಿ ಅರ್ಧ ರಾಜ್ಯವನ್ನು ಬಿಟ್ಟುಕೊಡುತ್ತಿದ್ದ, ಇಲ್ಲವೇ ಬಿಟ್ಟುಕೊಟ್ಟಾಗಿತ್ತು. ಹೀಗೆ ತಡವಾಗಿ ಬಂದರೂ ಅಂದಿನ ಲೆಕ್ಕದಲ್ಲಿ ಇದು ಸುದ್ದಿಯೇ. ಕೊನೆಯ ಮೈಸೂರು ಯುದ್ಧದ ಬಗ್ಗೆ ಅಲೆಗ್ಸಾಂಡರ್ ಬೀಟ್ಸನ್ 1800ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಮುತ್ತಿಗೆಯ ನಕ್ಷೆಗಳಿವೆ. ಕಾಪು, ಉಡುಪಿ, ಕಾರ್ಕಳಗಳನ್ನೊಳಗೊಂಡ ಕೆನರಾ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿದ್ದು ಇದೇ ಯುದ್ಧದ ಫಲ. ಈ ನಕ್ಷೆಗಳು ಒಳ್ಳೆಯ ಚಿಂದಿ ಕಾಗದದ ಮೇಲೆ, ತಾಮ್ರದ ತಗಡಿನಿಂದ ಅಚ್ಚಾದವು. ಆದ್ದರಿಂದ ಇನ್ನೂರು ವರ್ಷ ದಾಟಿದರೂ ಹೊಸದರಂತಿವೆ. ನಂತರದ ನೂರೈವತ್ತು ವರ್ಷಗಳಲ್ಲಿ ಅಚ್ಚಿನ ವೇಗ ಏರಿದಂತೆಲ್ಲ ಕಾಗದದ ಆಯುಸ್ಸು ಇಳಿಯುತ್ತ ಬಂತು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಟಿತು. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಅಕ್ಷರವನ್ನೂ ಚಿತ್ರವನ್ನೂ ಒಂದೇ ಕಲ್ಲಿನ ಮೇಲೆ ಬರೆಯಬಹುದಾದ್ದರಿಂದ ನಕ್ಷೆ ಅಚ್ಚುಮಾಡಲು ಅದಕ್ಕಿಂತ ಸುಲಭ ವಿಧಾನ ಇರಲಿಲ್ಲ. ಅಚ್ಚುಮೊಳೆಗಳು ಬಂದ ಮೇಲೆ ಅಕ್ಷರ ಬೇರೆ, ಚಿತ್ರ ಬೇರೆ ಎಂದಾಯಿತು. ನಕ್ಷೆಗೆ ಪ್ರತ್ಯೇಕ ಖರ್ಚು ಬಿತ್ತು. ಜಿಲ್ಲೆಯ ಪತ್ರಿಕೆಗಳು ಮುಂದೆ ಬಹುಕಾಲ ನಕ್ಷೆಯ ಗೋಜಿಗೆ ಹೋಗದಿದ್ದುದಕ್ಕೆ ಇದೇ ಕಾರಣವೆನ್ನಬೇಕು.

1914ರಲ್ಲಿ ಯುದ್ಧ ಆರಂಭವಾದಾಗ ಲಂಡನ್, ಎಡಿನ್‌ಬರೊಗಳ ನಕ್ಷೆ ಪ್ರಕಾಶಕರು ಯೂರೋಪಿನ ರಣರಂಗದ ಗೋಡೆ ನಕ್ಷೆಗಳನ್ನು ಮಾರುಕಟ್ಟೆಗೆ ಸುರಿದರು. ಸಣ್ಣ ಬಾವುಟಗಳ ಗುಂಡುಸೂಜಿ ಚುಚ್ಚಿ ಪಡೆಗಳ ಚಲನೆ ಗುರುತಿಸುವುದು ಮನೆಮನೆಯ ಹವ್ಯಾಸವಾಯಿತು. ದಕ್ಷಿಣ ಕನ್ನಡದಲ್ಲಿ ಅದೇ ಯುದ್ಧ ಮುದ್ರಣಕ್ಕೇ ಪೆಟ್ಟು ಕೊಟ್ಟಿತು. ಬಾಸೆಲ್ ಮಿಷನ್ನಿನಲ್ಲಿ ಜರ್ಮನ್ ಪ್ರಜೆಗಳು ಬಹಳ ಮಂದಿ ಇದ್ದುದರಿಂದ ಅವರನ್ನು ಬಂಧನದಲ್ಲಿರಿಸಲಾಯಿತು. ಮಿಷನ್ನಿನ ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕೈಬದಲಾಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಮಿಷನ್ನಿನ ಹಳೆಯ ಛಾಯಾಚಿತ್ರ ಮತ್ತು ನಕ್ಷೆಗಳ ದೊಡ್ಡ ಸಂಗ್ರಹ ಇಂದು ಬಾಸೆಲ್ ನಗರದ ಮಿಷನ್ 21 ಪತ್ರಾಗಾರದಲ್ಲಿದೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿಯೂ ಮಿಷನ್ ಪ್ರಕಟಣೆಗಳಿವೆ.

ಎರಡನೆಯ ಮಹಾಯುದ್ಧ

ಸುದ್ದಿ ನಕ್ಷೆಯ ಸುಗ್ಗಿಕಾಲ ಎರಡನೆಯ ಮಹಾಯುದ್ಧ. 1942ರ ಫೆಬ್ರುವರಿ 23ರ ರೇಡಿಯೊ ಭಾಷಣಕ್ಕೆ ಮುನ್ನ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಕೇಳುಗರು ಪ್ರಪಂಚದ ನಕ್ಷೆಯೊಂದನ್ನು ಎದುರಿಗಿಟ್ಟುಕೊಳ್ಳಬೇಕೆಂದು ಕೋರಿದ್ದ. ಪತ್ರಿಕೆಗಳು ಅದಕ್ಕಾಗಿಯೇ ನಕ್ಷೆ ಅಚ್ಚು ಹಾಕಿದವು. ಅದೇ ವರ್ಷ ಏಪ್ರಿಲ್ 27ರಿಂದ ಅಮೆರಿಕದ ಯುದ್ಧ ಇಲಾಖೆ ‘ನ್ಯೂಸ್‌ಮ್ಯಾಪ್’ ಎಂಬ ವಾರದ ಭಿತ್ತಿಪತ್ರವನ್ನು ಆರಂಭಿಸಿತು. ಸುಮಾರು 35 ಇಂಚು ಅಗಲ, 47 ಇಂಚು ಉದ್ದದ ಬಣ್ಣದ ಹಾಳೆ. ಒಂದು ಮಗ್ಗುಲಲ್ಲಿ ವಾರದ ರಣರಂಗಗಳ ನಕ್ಷೆ, ಸುದ್ದಿ, ಛಾಯಾಚಿತ್ರ. ಇನ್ನೊಂದರಲ್ಲಿ ದೊಡ್ಡ ನಕ್ಷೆ ಅಥವಾ ಸೈನಿಕರ ತಿಳಿವಳಿಕೆಯ ಚಿತ್ರ. ಇದನ್ನು ಸೈನಿಕರ ವಸತಿಗಳಲ್ಲಿ, ಮುಂದೆ ಕಾರ್ಖಾನೆಗಳಲ್ಲಿಯೂ ಗೋಡೆಗೆ ಹಚ್ಚುತ್ತಿದ್ದರು. 1946ರವರೆಗೆ ಅದು ನಡೆಯಿತು. ಸರಕಾರಿ ಪ್ರಕಟಣೆಯಾದ್ದರಿಂದ ಗ್ರಂಥಾಲಯಗಳಿಗೂ ಪ್ರತಿಗಳು ಹೋದವು. ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನಲ್ಲಿದ್ದ ಹಾಳೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಗೋಡೆಯ ಮೇಲಿದ್ದವು ಹೋದವು, ಕಪಾಟಿನಲ್ಲಿ ಮಡಚಿಟ್ಟವು ಉಳಿದವು.

ಭಾರತದಲ್ಲಿ ಇದಕ್ಕೆ ಸಮನಾದ ಪ್ರಕಟಣೆ ಇರಲಿಲ್ಲ. ಸರ್ವೇ ಆಫ್ ಇಂಡಿಯಾ ಯುದ್ಧದ ವರ್ಷಗಳಲ್ಲಿ ಸೇನೆಗಾಗಿ ಅಪಾರ ಸಂಖ್ಯೆಯ ನಕ್ಷೆಗಳನ್ನು ಮುದ್ರಿಸಿತಾದರೂ ಅವು ಗುಪ್ತ. ಸೈನಿಕರಿಗಾಗಿ ‘ಫೌಜಿ ಅಖ್ಬಾರ್’ ಹಲವು ಭಾಷೆಗಳಲ್ಲಿ ಬರುತ್ತಿತ್ತು. ಅದೇ 1954ರಲ್ಲಿ ‘ಸೈನಿಕ ಸಮಾಚಾರ’ವಾಗಿ, ಮುಂದೆ ಕನ್ನಡದಲ್ಲಿಯೂ ಬಂತು. ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳಡಿ ಪತ್ರಿಕೆಗಳು ಹಾಕುವ ಪ್ರತಿಯೊಂದು ವಿವರವೂ ಸೆನ್ಸಾರಿನ ಕಣ್ಣಿಗೆ ಬೀಳುತ್ತಿತ್ತು. ಹೀಗಾಗಿ ಕನ್ನಡದ ಓದುಗ ನೋಡಿದ ಯುದ್ಧ ನಕ್ಷೆಗಳು ಮುಖ್ಯವಾಗಿ ಸುದ್ದಿಸಂಸ್ಥೆಗಳಿಂದ ಬಂದವು, ಇಲ್ಲವೇ ಇಂಗ್ಲಿಷ್ ಪತ್ರಿಕೆಗಳವು.

ಮಂಗಳೂರಿನಲ್ಲಿ ವಿ. ಎಸ್. ಕುಡ್ವ ಅವರು ‘ನವಭಾರತ’ ದೈನಿಕವನ್ನು ಆರಂಭಿಸಿದ್ದು 1941ರಲ್ಲಿ, ಅಂದರೆ ಯುದ್ಧದ ನಡುವೆಯೇ. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’, ಬೆಂಗಳೂರಿನ ‘ತಾಯಿನಾಡು’ ಆಗ ನೆಲೆಯೂರಿದ್ದ ದೈನಿಕಗಳು. 1942ರ ಫೆಬ್ರುವರಿ 15ರಂದು ಸಿಂಗಪುರ, ಮಾರ್ಚ್ 8ರಂದು ರಂಗೂನ್ ಬಿದ್ದವು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿ ಬಾಂಬು ಬಿತ್ತು. ಮದ್ರಾಸ್ ನಗರದಲ್ಲಿ ಹೋಟೆಲು ನಡೆಸುತ್ತಿದ್ದ, ಕೆಲಸಕ್ಕಿದ್ದ ಉಡುಪಿ ಸೀಮೆಯವರು ಬಹಳ. ಬರ್ಮಾದಿಂದ ಮದ್ರಾಸ್ ಪ್ರಾಂತ್ಯಕ್ಕೆ ಬರುತ್ತಿದ್ದ ಅಕ್ಕಿಯೂ ನಿಂತಿತು. ಬರ್ಮಾ ಎಲ್ಲಿದೆ, ಅಲ್ಲಿಂದ ಮದ್ರಾಸಿಗೆ ಎಷ್ಟು ದೂರ ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಾಗಿದ್ದ ಕಾಲ ಅದು. ಆದರೆ ನಕ್ಷೆಗೆ ಜಾಗ ಬೇಕಾದಾಗಲೇ ಪುಟಗಳು ಕಡಿಮೆಯಾದವು. ನ್ಯೂಸ್‌ಪ್ರಿಂಟ್ ಪೂರ್ತಿ ಆಮದು ಸರಕು. ದೇಶದಲ್ಲಿ ಅದರ ತಯಾರಿಕೆ ನೇಪಾನಗರದಲ್ಲಿ ಶುರುವಾದದ್ದೇ 1955ರಲ್ಲಿ. ಹಡಗು ಸಂಚಾರ ಕೆಟ್ಟಾಗ ಸರಕಾರ ಕಾಗದಕ್ಕೆ ಹಿಡಿತ ಹಾಕಿತು. ಕಾಗದದ ಬರಗಾಲದಲ್ಲಿ ಹಳೆಯ ಪತ್ರಿಕೆಗೆ ಅಂಗಡಿಯ ಪೊಟ್ಟಣವಾಗಿ ಬೆಲೆ ಹೆಚ್ಚು. ಯುದ್ಧಕಾಲದ ಸಂಚಿಕೆಗಳು ವಿಶೇಷವಾಗಿ ವಿರಳವಾಗಲು ಇದೂ ಒಂದು ಕಾರಣವಿದ್ದೀತು.

ಬ್ಲಾಕಿನಿಂದ ಕಂಪ್ಯೂಟರಿಗೆ

ಮೊಳೆ ಜೋಡಿಸಿ ಅಚ್ಚುಮಾಡುತ್ತಿದ್ದ ಕಾಲದಲ್ಲಿ ನಕ್ಷೆಗೆ ಬ್ಲಾಕ್ ಮಾಡಿಸಬೇಕಿತ್ತು. ಕಲಾವಿದ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ನಕ್ಷೆ ಬರೆಯುತ್ತಾನೆ. ಅದರ ಫೋಟೊ ನೆಗೆಟಿವನ್ನು ಬೆಳಕಿಗೆ ಸ್ಪಂದಿಸುವ ಲೇಪ ಬಳಿದ ಸತುವಿನ ತಗಡಿನ ಮೇಲಿಟ್ಟು ಬೆಳಕು ಹಾಯಿಸಿದರೆ ಗೆರೆ ಇರುವಲ್ಲಿ ಲೇಪ ಗಟ್ಟಿಯಾಗುತ್ತದೆ. ಉಳಿದ ಭಾಗವನ್ನು ನೈಟ್ರಿಕ್ ಆಮ್ಲ ತಿಂದುಹಾಕುತ್ತದೆ. ಉಬ್ಬಿ ನಿಂತ ಗೆರೆಗಳ ತಗಡನ್ನು ಮೊಳೆಯ ಎತ್ತರಕ್ಕೆ ಸರಿಯಾಗಿ ಮರದ ತುಂಡಿನ ಮೇಲೆ ಹೊಡೆದರೆ ಬ್ಲಾಕ್ ಸಿದ್ಧ. ಬೂದುಬಣ್ಣ ಬರುವುದಿಲ್ಲವಾದ್ದರಿಂದ ಶತ್ರು ಹಿಡಿದ ಪ್ರದೇಶವನ್ನು ಓರೆಗೆರೆಗಳಿಂದ, ಸಮುದ್ರವನ್ನು ಚುಕ್ಕಿಗಳಿಂದ ತುಂಬಿಸುತ್ತಿದ್ದರು. ಕನ್ನಡಕ್ಕೆ ಇನ್ನೊಂದು ಕಷ್ಟವಿತ್ತು. ಒತ್ತಕ್ಷರ ಕೆಳಗೆ, ಗುಡಿಸು ಮೇಲೆ ಚಾಚುವುದರಿಂದ ಸಣ್ಣ ಜಾಗದಲ್ಲಿ ಊರಿನ ಹೆಸರು ಹಿಡಿಸುವುದಿಲ್ಲ; ಹೆಸರನ್ನು ಕೈಯಲ್ಲೇ ಬರೆಯಬೇಕು, ಅಥವಾ ಇಂಗ್ಲಿಷ್ ನಕ್ಷೆಯ ಮೇಲೆ ಕನ್ನಡದ ಚೀಟಿ ಅಂಟಿಸಬೇಕು. ಒಮ್ಮೆ ಮಾಡಿಸಿದ ಬ್ಲಾಕನ್ನು ಬಾಣ ಬದಲಾಯಿಸದೆ ಮತ್ತೆ ಬಳಸುವುದೂ ಉಂಟು. ಹಾಗಾಗಿ ನಕ್ಷೆಯ ದಿನಾಂಕವನ್ನೂ ಪತ್ರಿಕೆಯ ದಿನಾಂಕವನ್ನೂ ಒಂದೇ ಎಂದು ತಿಳಿಯಬಾರದು.

1962ರ ಅಕ್ಟೋಬರ್-ನವೆಂಬರ್‌ನ ಚೀನಾ ಯುದ್ಧ ತವಾಂಗ್, ಸೇಲಾ, ಬೊಮ್ಡಿಲಾ, ವಾಲೊಂಗ್, ಚುಶೂಲ್ ಮೊದಲಾದ, ಅದುವರೆಗೆ ಯಾರೂ ಕೇಳದ ಹೆಸರುಗಳನ್ನು ಕನ್ನಡ ಪತ್ರಿಕೆಗಳಿಗೆ ತಂದಿತು. 1965ರಲ್ಲಿ ಹಾಜಿ ಪೀರ್, ಇಚ್ಛೋಗಿಲ್ ಕಾಲುವೆ, ಅಸಲ್ ಉತ್ತರ್ ಬಂದವು. ಮಣಿಪಾಲದಿಂದ ‘ಉದಯವಾಣಿ’ 1970ರ ಜನವರಿ 1ರಂದು ಆರಂಭವಾಯಿತು. ಅದರ ಎರಡನೆಯ ವರ್ಷದ ಕೊನೆಯಲ್ಲೇ, 1971ರ ಡಿಸೆಂಬರ್ 3ರಿಂದ 16ರವರೆಗೆ, ಬಾಂಗ್ಲಾ ಯುದ್ಧ. ಕಾಪು, ಕಾರ್ಕಳದ ಓದುಗರಿಗೆ ಮಂಗಳೂರಿಗಿಂತ ಹತ್ತಿರದಲ್ಲೇ ಅಚ್ಚಾಗಿ ಬೆಳಿಗ್ಗೆ ಕೈಸೇರುವ ದೈನಿಕ ಇದ್ದಾಗ ನಡೆದ ಯುದ್ಧ ಅದು. ಪೂರ್ವ ರಂಗ ನಕ್ಷೆಗೆ ಬಹಳ ಒಗ್ಗುವ ರಂಗ: ಮೂರು ದಿಕ್ಕಿನಲ್ಲಿ ಭಾರತ, ಒಂದು ಕಡೆ ಸಮುದ್ರ, ನಡುವೆ ಪದ್ಮಾ, ಮೇಘನಾ, ಜಮುನಾ ನದಿಗಳು, ಎಲ್ಲ ಬಾಣಗಳ ಗುರಿ ಢಾಕಾ. 1999ರ ಕಾರ್ಗಿಲ್ ಹೊತ್ತಿಗೆ ಆಫ್‌ಸೆಟ್ ಮುದ್ರಣವೂ ಕಂಪ್ಯೂಟರೂ ಬಂದು, ತೊಲೊಲಿಂಗ್, ಟೈಗರ್ ಹಿಲ್‌ಗಳು ಬಣ್ಣದ ಉಬ್ಬುಚಿತ್ರಗಳಾಗಿ ಮೂಡಿದವು. ಅಂದಗಾರಿಕೆ ಹೆಚ್ಚಿತು, ನಕ್ಷೆಯ ಅಳತೆ, ದಿಕ್ಕು, ಆಕರ ಮೂರೂ ಕಾಣೆಯಾಗುವುದು ಮಾತ್ರ ನಿಲ್ಲಲಿಲ್ಲ.

ಗಡಿಯ ವಿಷಯದಲ್ಲಿ ಕಾನೂನೂ ಇದೆ. 1961ರ ಅಪರಾಧ ಕಾನೂನು ತಿದ್ದುಪಡಿ ಕಾಯ್ದೆಗೆ 1990ರಲ್ಲಿ ಸೇರಿಸಿದ ಅಂಶದಂತೆ, ಸರ್ವೇ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು ಶಿಕ್ಷಾರ್ಹ. ಹಳೆಯ ಯುದ್ಧ ನಕ್ಷೆಗಳನ್ನು ಮರುಮುದ್ರಿಸುವಾಗ, ಅಂತರ್ಜಾಲದಲ್ಲಿ ಹಾಕುವಾಗ ಗ್ರಂಥಾಲಯಗಳು ಇದನ್ನು ಲಕ್ಷ್ಯದಲ್ಲಿಡಬೇಕಾಗುತ್ತದೆ. ಹಾಗೆಂದು ಮೂಲ ಪ್ರತಿಯ ಮೇಲೆ ಗಡಿಯನ್ನು ತಿದ್ದುವುದು ದಾಖಲೆಯನ್ನೇ ಕೆಡಿಸಿದಂತೆ. ಪಕ್ಕದಲ್ಲಿ ಟಿಪ್ಪಣಿ ಹಾಕುವುದು ಸರಿಯಾದ ಕ್ರಮ.

ಕರಾವಳಿಯಲ್ಲಿ ಸಂರಕ್ಷಣೆ

ನ್ಯೂಸ್‌ಪ್ರಿಂಟ್ ಮರವನ್ನು ಯಂತ್ರದಲ್ಲಿ ಅರೆದು ಮಾಡಿದ ಕಾಗದ. ಮರದ ಲಿಗ್ನಿನ್ ಅದರಲ್ಲಿ ಹಾಗೆಯೇ ಉಳಿದಿರುತ್ತದೆ; ಬೆಳಕು, ಗಾಳಿ ತಗುಲಿ ಅದು ಹಳದಿಯಾಗುತ್ತದೆ, ಆಮ್ಲ ಹುಟ್ಟಿ ಸೆಲ್ಯುಲೋಸ್ ನಾರು ತುಂಡಾಗುತ್ತದೆ. ಮಡಿಕೆಯಲ್ಲಿ ಮೊದಲು ಬಿರುಕು ಬಿಡುತ್ತದೆ, ಕೊನೆಗೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಕರಾವಳಿಯಲ್ಲಿ ಇದರ ಜೊತೆಗೆ ಮಳೆ. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಘಟ್ಟದ ಬುಡದ ಕಾರ್ಕಳಕ್ಕೆ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಆರ್ದ್ರತೆ ಶೇ. 80 ದಾಟುವುದು ಸಾಮಾನ್ಯ; ಶೇ. 65-70 ಮೀರಿದರೆ ಬೂಷ್ಟು ಹಿಡಿಯಲು ಸಾಕು. ಕಾಪುವಿನಂಥ ಕಡಲಂಚಿನ ಊರಿನಲ್ಲಿ ಉಪ್ಪುಗಾಳಿಗೆ ಸ್ಟೀಲ್ ಕಪಾಟು ತುಕ್ಕು ಹಿಡಿದು, ಸಂಪುಟದ ಹೊಲಿಗೆಯ ತಂತಿಯೂ ಕಂದಿ, ಕಾಗದಕ್ಕೆ ಕಲೆಯಿಳಿಯುತ್ತದೆ.

ಕಾರ್ಕಳದ ನೆರೆಯ ಮೂಡುಬಿದಿರೆಯಲ್ಲಿ 12ನೇ ಶತಮಾನದ ಧವಳಾ ತಾಳೆಗರಿಗಳು ಇದೇ ಹವೆಯಲ್ಲಿ ಉಳಿದು ಬಂದಿವೆ. 1942ರ ದೈನಿಕವೊಂದು ಅದೇ ಹವೆಯಲ್ಲಿ ಎಂಬತ್ತು ವರ್ಷ ಬಾಳುವುದು ಕಷ್ಟ. ಗರಿಯಲ್ಲಿ ತಯಾರಿಕೆಯ ಆಮ್ಲವಿಲ್ಲ, ಎಣ್ಣೆ ಸವರಿ, ಬಟ್ಟೆ ಸುತ್ತಿ ನೋಡಿಕೊಳ್ಳುವ ಕೈಗಳೂ ಇದ್ದವು.

ಬೈಂಡಿಂಗ್ ಪತ್ರಿಕೆಯನ್ನು ಕಾಪಾಡುತ್ತದೆ, ನಕ್ಷೆಯನ್ನು ಕೆಲವೊಮ್ಮೆ ಕೊಲ್ಲುತ್ತದೆ. ತಿಂಗಳ ಸಂಚಿಕೆಗಳನ್ನು ಒಟ್ಟುಮಾಡಿ ಒಳ ಅಂಚಿಗೆ ಹೊಲಿದು, ಉಳಿದ ಮೂರು ಅಂಚುಗಳನ್ನು ಕತ್ತರಿಸುವ ಪದ್ಧತಿಯಲ್ಲಿ ಎರಡು ಪುಟಕ್ಕೆ ಹರಡಿದ ನಕ್ಷೆಯ ನಡುಭಾಗ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ; ಅಂಚಿನಲ್ಲಿದ್ದ ಅಳತೆಪಟ್ಟಿ, ಆಕರದ ಹೆಸರು ಕತ್ತರಿಗೆ ಹೋಗುತ್ತದೆ. ಬೈಂಡರುಗಳು ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಅಡಿಕೆ ತೋಟದ ಔಷಧಕ್ಕೆ ಬಳಸುವ ಮೈಲುತುತ್ತವೇ. ಹುಳ ದೂರವಿರುವುದು ನಿಜ; ಆದರೆ ತಾಮ್ರದ ಅಂಶ ಕಾಗದದ ಕ್ಷಯವನ್ನು ಚುರುಕುಗೊಳಿಸುತ್ತದೆ. ಬಿಡಿ ಗೋಡೆ ನಕ್ಷೆಗೆ ಹಿಂದಿನಿಂದ ಬಟ್ಟೆ ಅಂಟಿಸುವಾಗಲೂ ಇದೇ ಅಂಟು ಬಳಕೆಯಾಗುತ್ತಿತ್ತು. ಹರಿದಲ್ಲಿ ಸೆಲ್ಲೊಟೇಪ್ ಹಚ್ಚುವುದು ಎಲ್ಲಕ್ಕಿಂತ ಕೆಟ್ಟದು. ಕೆಲವು ವರ್ಷಗಳಲ್ಲಿ ಪಟ್ಟಿ ಉದುರಿ, ಅಂಟು ಕಾಗದದೊಳಗೆ ಇಂಗಿ ಕಂದು ಪಟ್ಟೆ ಉಳಿಯುತ್ತದೆ.

ಸರಿಯಾದ ದುರಸ್ತಿಗೆ ತೆಳ್ಳನೆಯ ಜಪಾನಿ ಕಾಗದ ಮತ್ತು ಗೋಧಿಗಂಜಿಯ ಅಂಟು ಬಳಸುತ್ತಾರೆ. ಬೇಡವೆನಿಸಿದರೆ ನೀರು ಸೋಕಿಸಿ ಬಿಡಿಸಬಹುದು. ಆಮ್ಲ ತೆಗೆಯಲು ಸುಣ್ಣದ ತಿಳಿನೀರು ಅಥವಾ ಮೆಗ್ನೀಸಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಅದ್ದುವುದಿದೆ. ಬಣ್ಣದ ನಕ್ಷೆಯಾದರೆ ಮೂಲೆಯಲ್ಲಿ ಒಂದು ಹನಿ ಬಿಟ್ಟು ಶಾಯಿ ಹಬ್ಬುತ್ತದೆಯೇ ಎಂದು ಮೊದಲು ನೋಡಬೇಕು. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ 1950ರ ದಶಕದಲ್ಲಿ ರೂಢಿಗೆ ಬಂದ, ಅಸಿಟೋನ್ ಸವರಿ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಕೈಯಿಂದಲೇ ಅಂಟಿಸುವ ವಿಧಾನಕ್ಕೆ ಯಂತ್ರವೂ ವಿದ್ಯುತ್ತೂ ಬೇಡವಾದ್ದರಿಂದ ಅದು ಹೊರದೇಶಗಳಿಗೂ ಹರಡಿತು. ಅಸಿಟೇಟ್ ಹಳತಾದರೆ ಅದೂ ಆಮ್ಲ ಬಿಡುತ್ತದೆ ಎಂದು ತಿಳಿದ ಮೇಲೆ, ಹಾಳೆಯನ್ನು ಅಂಟಿಸದೆ ಎರಡು ಪಾಲಿಯೆಸ್ಟರ್ ಪದರಗಳ ನಡುವೆ ಇರಿಸಿ ಅಂಚು ಮುಚ್ಚುವ ಕ್ರಮ ಬಂತು.

ಇಡುವ ಜಾಗದ್ದೂ ಅಷ್ಟೇ ಮಹತ್ವ. ಬ್ರಿಟಿಷ್ ಲೈಬ್ರರಿ ಲಂಡನ್ನಿನ ಕಾಲಿಂಡೇಲ್‌ನ ಪತ್ರಿಕಾಲಯವನ್ನು 2013ರಲ್ಲಿ ಮುಚ್ಚಿ, ಸಂಪುಟಗಳನ್ನು ಯಾರ್ಕ್‌ಷೈರಿನ ಬೋಸ್ಟನ್ ಸ್ಪಾಗೆ ಸಾಗಿಸಿತು. ಅಲ್ಲಿ 14 ಡಿಗ್ರಿ ಸೆಲ್ಸಿಯಸ್, ಶೇ. 55ರ ಆಸುಪಾಸಿನ ಆರ್ದ್ರತೆ, ಬೆಂಕಿ ಹತ್ತದಷ್ಟು ಕಡಿಮೆ ಆಮ್ಲಜನಕ. ನಮ್ಮ ಜಿಲ್ಲಾ ಗ್ರಂಥಾಲಯಗಳಿಗೆ ಇದು ನಿಲುಕುವ ಮಾತಲ್ಲ. ಆದರೆ ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ ಎಂದು ಬಲ್ಲವರು ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟರೆ, ಕೆಳಗಿನ ಅರೆಯನ್ನು ಖಾಲಿ ಬಿಟ್ಟರೆ, ನಕ್ಷೆಯನ್ನು ಸುರುಳಿ ಸುತ್ತದೆ ಆಮ್ಲರಹಿತ ಫೋಲ್ಡರಿನಲ್ಲಿ ಅಗಲವಾಗಿ ಮಲಗಿಸಿದರೆ ಅರ್ಧ ಕೆಲಸ ಆದಂತೆ. ಹಗಲು ಎಸಿ ಹಾಕಿ ರಾತ್ರಿ ಆರಿಸುವುದು ಎಸಿಯೇ ಇಲ್ಲದ್ದಕ್ಕಿಂತ ಅಪಾಯ. ತಣ್ಣಗಾದ ಕಾಗದದ ಮೇಲೆ ತೇವ ಕೂರುತ್ತದೆ. ನುಸಿಗುಳಿಗೆ ಹುಳವನ್ನು ಓಡಿಸುತ್ತದೆಯೇ ಹೊರತು ಬೂಷ್ಟನ್ನಲ್ಲ.

ಸೂಚಿ, ಪ್ರತಿ, ಪ್ರವೇಶ

ಉಳಿದ ನಕ್ಷೆಯೂ ಸೂಚಿಯಲ್ಲಿಲ್ಲದಿದ್ದರೆ ಇಲ್ಲದಂತೆಯೇ. ಗ್ರಂಥಾಲಯದ ಸೂಚಿ ಪತ್ರಿಕೆಯ ಹೆಸರು, ತಿಂಗಳು, ವರ್ಷದವರೆಗೆ ಬಂದು ನಿಲ್ಲುತ್ತದೆ. ಒಳಗಿನ ನಕ್ಷೆಗೆ ಪ್ರತ್ಯೇಕ ದಾಖಲೆ ಇರುವುದಿಲ್ಲ. ಬಿಡಿ ನಕ್ಷೆಗೆ ಮಾರ್ಕ್ 21 ವಿಧಾನದಲ್ಲಿ ಅಳತೆ, ಪ್ರಕ್ಷೇಪ, ಅಕ್ಷಾಂಶ-ರೇಖಾಂಶಗಳಿಗೆ 034 ಮತ್ತು 255 ಎಂಬ ಕ್ಷೇತ್ರಗಳಿವೆ, ಸುದ್ದಿ ನಕ್ಷೆಯಲ್ಲಿ ಅವಕ್ಕೆ ತುಂಬಲು ಮಾಹಿತಿಯೇ ಸಿಗದು. ಸ್ಥಳ ಮತ್ತು ಕಾಲವನ್ನು ವರ್ಗೀಕರಣದ ಪ್ರತ್ಯೇಕ ಮುಖಗಳಾಗಿ ನಿಲ್ಲಿಸಿದ ಎಸ್. ಆರ್. ರಂಗನಾಥನ್ ಅವರ ಕೋಲನ್ ಪದ್ಧತಿ ಈ ವಸ್ತುವಿಗೆ ಹೆಚ್ಚು ಹೊಂದುತ್ತದೆ. ಸ್ಥಳನಾಮಗಳಲ್ಲಿ ರಂಗೂನ್-ಯಾಂಗೊನ್, ನೇಫಾ-ಅರುಣಾಚಲದಂಥ ಬದಲಾವಣೆಗಳಿಗೆ ಅಡ್ಡಸೂಚನೆ ಬೇಕು; ಅಚ್ಚಾದ ರೂಪವನ್ನು ಹಾಗೆಯೇ ಉಳಿಸಿ ಇಂದಿನ ಹೆಸರನ್ನು ಪಕ್ಕದಲ್ಲಿ ಕೊಡಬೇಕು.

ಕಾನೂನುಬದ್ಧ ಪ್ರತಿ ಸಲ್ಲಿಕೆಯ ವ್ಯವಸ್ಥೆಯೂ ತಡವಾಗಿ ಬಂತು. 1954ರ ಪುಸ್ತಕ ಸಲ್ಲಿಕೆ ಕಾಯ್ದೆ ಪತ್ರಿಕೆಗಳಿಗೆ ಅನ್ವಯಿಸಿದ್ದು 1956ರ ತಿದ್ದುಪಡಿಯಿಂದ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮರ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿ ಪಬ್ಲಿಕ್ ಲೈಬ್ರರಿಗಳು ಇದರ ಪಾಲುದಾರರು. 1962ರಿಂದೀಚಿನ ಯುದ್ಧಗಳ ಕನ್ನಡ ಪತ್ರಿಕೆಗಳನ್ನು ಅಲ್ಲಿ ಹುಡುಕಲು ಅರ್ಥವಿದೆ. ಎರಡನೆಯ ಮಹಾಯುದ್ಧದ ಸಂಚಿಕೆಗಳು ಈ ಕಾಯ್ದೆಗೆ ಮುಂಚಿನವು. ಅವು ಖಾಸಗಿ ಮನೆಗಳಲ್ಲಿ, ಮುಚ್ಚಿದ ವಾಚನಾಲಯಗಳ ಅಟ್ಟದಲ್ಲಿ ಸಿಕ್ಕಿದರೆ ಸಿಕ್ಕವು. ವ್ಯಕ್ತಿಯೊಬ್ಬರ ಸಂಗ್ರಹವನ್ನು ಇಡಿಯಾಗಿ ಸಂಸ್ಥೆಗೆ ತಂದುಕೊಂಡ ಮಾದರಿ ಉಡುಪಿಯಲ್ಲೇ ಇದೆ: ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ ಅವರ ಪುಸ್ತಕಗಳು ಎಂ.ಜಿ.ಎಂ. ಕಾಲೇಜಿಗೆ ಬಂದು, ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಬುನಾದಿಯಾದವು. ಪುಸ್ತಕದ ಜೊತೆಗೆ ಬರುವ ಕತ್ತರಿಸಿಟ್ಟ ಪತ್ರಿಕಾ ತುಣುಕು, ಮಡಚಿಟ್ಟ ನಕ್ಷೆಗಳನ್ನು ಬೇರ್ಪಡಿಸಿ ರದ್ದಿಗೆ ಹಾಕದಿರುವುದೇ ಇಂಥ ಸಂದರ್ಭದಲ್ಲಿ ಗ್ರಂಥಪಾಲಕನ ಮೊದಲ ಕೆಲಸ.

ಬಹುಕಾಲ ಪ್ರತಿ ತೆಗೆಯುವ ಸಾಧನ 35 ಮಿ.ಮೀ. ಮೈಕ್ರೋಫಿಲ್ಮ್. ಅದು ಕಪ್ಪುಬಿಳುಪು, ಬಣ್ಣದಿಂದ ಪಕ್ಷಗಳನ್ನು ಬೇರ್ಪಡಿಸಿದ ನಕ್ಷೆ ಅದರಲ್ಲಿ ಅರ್ಥವಾಗುವುದಿಲ್ಲ. ಈಗ ಸಣ್ಣ ಅಕ್ಷರಗಳಿರುವ ನಕ್ಷೆಯನ್ನು ಇಂಚಿಗೆ 400ರಿಂದ 600 ಚುಕ್ಕಿಗಳ ಸಾಂದ್ರತೆಯಲ್ಲಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಟಿಫ್ ಕಡತವಾಗಿ ಇಡುತ್ತಾರೆ. ಓದುಗರಿಗೆ ಹಗುರವಾದ ಪ್ರತಿ ಬೇರೆ. ಹೊಲಿದ ಸಂಪುಟವನ್ನು ಗಾಜಿಗೆ ಒತ್ತಿದರೆ ಬೆನ್ನು ಮುರಿಯುವುದರಿಂದ, ಅರ್ಧ ತೆರೆದಿಟ್ಟು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ನಕ್ಷೆಯನ್ನಷ್ಟೇ ಕತ್ತರಿಸಿ ಉಳಿಸುವುದು ತಪ್ಪು. ಪಕ್ಕದ ಸುದ್ದಿ, ಶೀರ್ಷಿಕೆ, ಜಾಹೀರಾತು ಸೇರಿ ಇಡೀ ಪುಟ ಬೇಕು.

ಇಂದಿನ ಯುದ್ಧಗಳ ಸುದ್ದಿ ನಕ್ಷೆಗಳು ಪರದೆಯ ಮೇಲೆ ಹುಟ್ಟುತ್ತವೆ. ರಣರೇಖೆ ದಿನದಿನವೂ ಅದೇ ಕೊಂಡಿಯಲ್ಲಿ ಬದಲಾಗುವುದರಿಂದ ನಿನ್ನೆಯ ನಕ್ಷೆಯ ಮೇಲೆ ಇಂದಿನದು ಕೂರುತ್ತದೆ. 1996ರಿಂದ ಜಾಲತಾಣಗಳನ್ನು ಸಂಗ್ರಹಿಸುತ್ತಿರುವ ಇಂಟರ್ನೆಟ್ ಆರ್ಕೈವ್ ಪುಟದ ಪಠ್ಯವನ್ನು ಹಿಡಿದಿಟ್ಟರೂ, ಓದುಗ ತೆರೆದಾಗಲೇ ತುಣುಕುತುಣುಕಾಗಿ ಜೋಡಣೆಯಾಗುವ ನಕ್ಷೆ ಅನೇಕ ಸಲ ಖಾಲಿ ಚೌಕವಾಗಿ ಉಳಿಯುತ್ತದೆ. ಪತ್ರಿಕೆಯ ಇ-ಪೇಪರ್ ಪುಟಗಳಲ್ಲಿ ನಕ್ಷೆ ಸ್ಥಿರವಾಗಿರುವುದರಿಂದ, ದಿನಾಂಕಸಹಿತವಾಗಿ ಅವನ್ನು ಇಳಿಸಿಕೊಂಡು ಇಡುವುದು ಗ್ರಂಥಾಲಯಗಳಿಗೆ ಸದ್ಯ ಸಾಧ್ಯವಿರುವ ಸರಳ ವಿಧಾನ.